ಎಣ್ಣೆ ತೀರಿದ ದೀಪ

ದಣಿವು ಬೇರೆ, ನಾನೀಗ ಹೇಳಹೊರಟಿರುವ ಬಳಲಿಕೆ ಬೇರೆ. ದಣಿದವನು ಒಂದು ರಾತ್ರಿ ಮಲಗಿ ಎದ್ದರೆ ಸುಧಾರಿಸಿಕೊಳ್ಳುವನು. ಭಾನುವಾರದ ಸಂಜೆಯೇ ಸೋಮವಾರದ ಕಚೇರಿಯನ್ನು ನೆನೆದು ಎದೆಗುಂದುವವನಿಗೆ ನಿದ್ರೆಯೊಂದೇ ಸಾಲದು. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞರಾದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬವರು 1974ರಲ್ಲಿ ಈ ಸ್ಥಿತಿಯನ್ನು ‘ಬರ್ನೌಟ್’ ಎಂದು ಕರೆದು ವರ್ಣಿಸಿದರು. ಉಚಿತ ಚಿಕಿತ್ಸಾಲಯದ ಸೇವಾಕರ್ತರಲ್ಲಿ ಅದನ್ನು ಕಂಡರು, ತಮ್ಮಲ್ಲಿಯೂ ಕಂಡರು. ಅದಕ್ಕೆ ತುತ್ತಾದವರು ಮೈಗಳ್ಳರಲ್ಲ, ಶ್ರದ್ಧಾವಂತರು! ಇಂಥವರನ್ನು ನಾವು ‘ಕೈಲಾಗದವರು’ ಎಂದುಬಿಡುತ್ತೇವೆ, ಅನ್ಯಾಯವಲ್ಲವೆ?

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯ ಕ್ಷಯ, ಕೆಲಸದಲ್ಲಿ ವೈಮುಖ್ಯ, ಕಾರ್ಯಸಾಮರ್ಥ್ಯದ ಕುಗ್ಗುವಿಕೆ. ಆದರೆ ಇದನ್ನು ರೋಗವೆಂದು ಗಣಿಸದೆ, ಉದ್ಯೋಗದಿಂದ ಒದಗುವ ಸ್ಥಿತಿಯೆಂದಿತು. ಈ ಭೇದವು ಸಣ್ಣದಲ್ಲ. ಮದ್ದನ್ನು ದುಡಿಯುವವನಲ್ಲಿ ಮಾತ್ರವಲ್ಲದೆ ದುಡಿಮೆಯ ಏರ್ಪಾಡಿನಲ್ಲಿಯೂ ಹುಡುಕಬೇಕೆಂದು ಇದರಿಂದ ತಿಳಿಯುತ್ತದೆ. ವಾಯುವಿಹಾರ, ಪ್ರಾಣಾಯಾಮಗಳು ಒಳ್ಳೆಯವೇ. ಇಬ್ಬರ ಕೆಲಸವು ಒಬ್ಬನ ಮೇಜಿನ ಮೇಲಿರುವ ತನಕ ಅವು ಏನು ಮಾಡಿಯಾವು? ಮೇಲಧಿಕಾರಿಗಳೊಡನೆ ಕುಳಿತು, ಇಂದು ಆಗಲೇಬೇಕಾದುದು ಯಾವುದು, ತಡೆದರೆ ಕೇಡಿಲ್ಲದುದು ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ರಜೆಯಲ್ಲಿಯೂ ಕಳವಳವು ಬಿಡದೆ ನಿದ್ರಾಹಾರಗಳನ್ನು ಕೆಡಿಸುತ್ತಿದ್ದರೆ, ಸಂಕೋಚಪಡದೆ ವೈದ್ಯರನ್ನು ಕಾಣತಕ್ಕದ್ದು.