ನಿಮಗಿದು ಗೊತ್ತೇ? ಇರಾಕ್ ಜಗಳ ಆಲೂಗಡ್ಡೆಯನ್ನೂ ಬಿಡಲಿಲ್ಲ!

2003ರ ಮಾರ್ಚ್ 20ರಂದು ಅಮೆರಿಕ, ಬ್ರಿಟನ್ ಸೇನೆಗಳು ಇರಾಕಿಗೆ ನುಗ್ಗಿದವು. ಅಲ್ಲಿಯ ಅಧ್ಯಕ್ಷ ಸದ್ದಾಂ ಹುಸೇನ್ ಸಮೂಹನಾಶಕ ಅಸ್ತ್ರ ಬಚ್ಚಿಟ್ಟಿದ್ದಾನೆ ಎಂಬುದು ಅವರು ಕೊಟ್ಟ ಕಾರಣ. ದೇಶವನ್ನೆಲ್ಲ ಜಾಲಾಡಿದರೂ ಅವು ಸಿಗಲಿಲ್ಲ. ಇಷ್ಟು ನಿಮಗೆ ಗೊತ್ತೇ ಇದೆ. ಆದರೆ ಈ ದಂಡಯಾತ್ರೆ ಸರಿಯೋ ತಪ್ಪೋ ಎಂದು ಲೋಕವೆಲ್ಲ ಕಿತ್ತಾಡಿತಲ್ಲ, ಅದರ ಒಳಸಂಗತಿಗಳು ಗೊತ್ತೇ? ಓದಿ, ಹುಬ್ಬು ಮೇಲೇರದಿದ್ದರೆ ಹೇಳಿ!

ಯುದ್ಧ ಶುರುವಾದ ಮೇಲೆ ಪ್ರತಿಭಟನೆ ನಡೆಯುವುದು ವಾಡಿಕೆ. ಇಲ್ಲಿ ಒಂದು ತಿಂಗಳು ಮೊದಲೇ ನಡೆಯಿತು! 2003ರ ಫೆಬ್ರವರಿ 15ರಂದು ಸುಮಾರು 600 ನಗರಗಳಲ್ಲಿ ಜನ ಬೀದಿಗಿಳಿದರು. ರೋಮ್ ಒಂದರಲ್ಲೇ 30 ಲಕ್ಷ ಎಂದು ಗಿನ್ನೆಸ್ ಪುಸ್ತಕ ಬರೆದುಕೊಂಡಿತು. ಲಂಡನ್ನಿನಲ್ಲಿ ಎಷ್ಟು? ಪೊಲೀಸರನ್ನು ಕೇಳಿದರೆ 7.5 ಲಕ್ಷ, ಸಂಘಟಕರನ್ನು ಕೇಳಿದರೆ 20 ಲಕ್ಷ. ತಲೆ ಎಣಿಸುವುದರಲ್ಲೂ ತಕರಾರು!

ಅಂಟಾರ್ಕ್ಟಿಕದಲ್ಲಿ ಊರೇ ಇಲ್ಲ, ಇನ್ನು ಬೀದಿ ಎಲ್ಲಿಂದ ಬರಬೇಕು? ಆದರೂ ಅಲ್ಲಿ ಪ್ರತಿಭಟನೆ ನಡೆಯಿತು. ಮೆಕ್‌ಮರ್ಡೊ ಎಂಬ ಅಮೆರಿಕದ್ದೇ ಸಂಶೋಧನಾ ನೆಲೆಯ ಕೆಲವರು ಹಿಮದ ಮೇಲೆ ಶಾಂತಿಚಿಹ್ನೆಯ ಆಕಾರದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಅಲ್ಲಿಗೆ ಏಳೂ ಖಂಡಗಳ ಲೆಕ್ಕ ಚುಕ್ತಾ!

ನ್ಯೂಯಾರ್ಕಿನ ವಿಶ್ವಸಂಸ್ಥೆ ಕಟ್ಟಡದಲ್ಲಿ, ಭದ್ರತಾ ಮಂಡಳಿಯ ಬಾಗಿಲ ಹತ್ತಿರ, ಪಿಕಾಸೊನ 'ಗೆರ್ನಿಕಾ' ಚಿತ್ರದ ನೇಯ್ದ ಪ್ರತಿಯೊಂದು ತೂಗುತ್ತಿತ್ತು. ಬಾಂಬು ಬಿದ್ದ ಊರಿನ ಆಕ್ರಂದನದ ಚಿತ್ರ ಅದು. 2003ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಯುದ್ಧದ ಪರ ವಾದ ಮಂಡಿಸಲು ಬಂದಾಗ ಅದರ ಮೇಲೆ ನೀಲಿ ಪರದೆ ಬಿದ್ದಿತ್ತು! ಟಿವಿ ಕ್ಯಾಮೆರಾಗಳಿಗೆ ಹಿನ್ನೆಲೆ ಚೆನ್ನಾಗಿ ಬರಲಿ ಅಂತ ಎಂದರು ಅಧಿಕಾರಿಗಳು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಈಗ ಒಂದು ಅಕ್ಷರದ ಕಥೆ. ಕ್ಯಾಥರೀನ್ ಗನ್ ಬ್ರಿಟನ್ನಿನ ಗೂಢಚರ್ಯೆ ಸಂಸ್ಥೆಯಲ್ಲಿ ಚೀನೀ ಭಾಷೆಯ ಅನುವಾದಕಿ. ಭದ್ರತಾ ಮಂಡಳಿಯಲ್ಲಿ ಚಿಲಿ, ಅಂಗೋಲಾ, ಪಾಕಿಸ್ತಾನದಂಥ ದೇಶಗಳ ಮತ ಯಾವ ಕಡೆ ವಾಲುತ್ತದೆಂದು ತಿಳಿಯಲು ಆ ದೇಶಗಳ ಪ್ರತಿನಿಧಿಗಳ ಮಾತು ಕದ್ದಾಲಿಸಬೇಕು, ಸಹಾಯ ಮಾಡಿ ಎಂದು ಅಮೆರಿಕದಿಂದ ಬಂದ ಇಮೇಲ್ ಆಕೆಯ ಕಣ್ಣಿಗೆ ಬಿತ್ತು. ಆಕೆ ಅದನ್ನು ಹೊರಗೆ ಬಿಟ್ಟರು. ಮಾರ್ಚ್ 2ರಂದು 'ಅಬ್ಸರ್ವರ್' ಪತ್ರಿಕೆ ಅದನ್ನು ಮುಖಪುಟದಲ್ಲೇ ಅಚ್ಚು ಹಾಕಿತು. ಎಡವಟ್ಟಾಗಿದ್ದು ಆಗ! ಪತ್ರಿಕಾ ಕಚೇರಿಯಲ್ಲಿ ಯಾರೋ ಅಭ್ಯಾಸಬಲದಿಂದ ಅಮೆರಿಕದ ಕಾಗುಣಿತವನ್ನು ತಿದ್ದಿದ್ದರು. 'ಫೇವರಬಲ್' ಎಂಬಲ್ಲಿ ಬ್ರಿಟಿಷರ ರೂಢಿಯಂತೆ ಒಂದು 'ಯು' ಸೇರಿಸಿಬಿಟ್ಟಿದ್ದರು. ಅಮೆರಿಕದವರು ಹೀಗೆ ಬರೆಯುವುದೇ ಇಲ್ಲ, ಇದು ನಕಲಿ ಎಂದು ಅಲ್ಲಿ ಗುಲ್ಲೆದ್ದಿತು. ಸಂದರ್ಶನಕ್ಕೆ ಕರೆದಿದ್ದ ಟಿವಿ ವಾಹಿನಿಗಳು ಹಿಂದೆ ಸರಿದವು. ಇಡೀ ಸ್ಫೋಟಕ ಸುದ್ದಿ ಒಂದು 'ಯು'ಗೆ ಠುಸ್!

ಕ್ಯಾಥರೀನ್ ಮೇಲೆ ಕೇಸು ಬಿತ್ತು. 2004ರ ಫೆಬ್ರವರಿಯಲ್ಲಿ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲರು ಎದ್ದು ನಿಂತು, ನಾವು ಸಾಕ್ಷ್ಯ ಹಾಜರುಪಡಿಸುವುದಿಲ್ಲ ಎಂದರು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು!

ಬಹುಮತ ಬಂದೂ ಸೋಲುವುದುಂಟೇ? ಉಂಟು! ಉತ್ತರದ ಕಡೆಯಿಂದಲೂ ಇರಾಕಿಗೆ ನುಗ್ಗಲು ಅಮೆರಿಕಕ್ಕೆ ಟರ್ಕಿಯ ನೆಲ ಬೇಕಿತ್ತು. 62,000 ಸೈನಿಕರನ್ನು ಇಳಿಸುವ ಯೋಜನೆ. ಸರಂಜಾಮು ಹೊತ್ತ ಹಡಗುಗಳು ಆಗಲೇ ಕಡಲಲ್ಲಿ ಕಾಯುತ್ತಿದ್ದವು. ಮಾರ್ಚ್ 1ರಂದು ಟರ್ಕಿಯ ಸಂಸತ್ತಿನಲ್ಲಿ ಮತಕ್ಕೆ ಹಾಕಿದರು. ಪರ 264, ವಿರುದ್ಧ 250. ಗೆದ್ದೆವು ಎಂದು ಹಲವರು ಅಂದುಕೊಂಡೇಬಿಟ್ಟರು. ಆದರೆ ಎರಡೂ ಕಡೆ ಸೇರದ 19 ಮಂದಿ ಇದ್ದರಲ್ಲ! ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಬೇಕು ಎಂಬುದು ಅಲ್ಲಿಯ ನಿಯಮ. ಅಂದರೆ 267 ಬೇಕು. ಬರೀ ಮೂರು ಮತ ಕಡಿಮೆ! ಹಡಗುಗಳು ಸೂಯೆಜ್ ಕಾಲುವೆ ದಾಟಿ, ಅರೇಬಿಯಾವನ್ನು ಸುತ್ತಿ ಕುವೈತಿಗೆ ಹೋಗಬೇಕಾಯಿತು.

ನಮ್ಮ ಜೊತೆ ಯಾರ್ಯಾರಿದ್ದಾರೆ ನೋಡಿ ಎಂದು ಅಮೆರಿಕ 40ಕ್ಕೂ ಹೆಚ್ಚು ದೇಶಗಳ ಪಟ್ಟಿ ಹೊರಡಿಸಿತು. ತಮಾಷೆ ಏನು ಗೊತ್ತೇ? ಅದರಲ್ಲಿ ಕೆಲವು ದೇಶಗಳಿಗೆ ಸೈನ್ಯವೇ ಇರಲಿಲ್ಲ! ಐಸ್‌ಲ್ಯಾಂಡ್, ಪಲಾವು, ಕೋಸ್ಟರಿಕ. ಕೋಸ್ಟರಿಕವಂತೂ 1948ರಲ್ಲೇ ಸೈನ್ಯಕ್ಕೆ ವಿದಾಯ ಹೇಳಿದ ದೇಶ. ಅಲ್ಲಿಯ ಕಾನೂನು ವಿದ್ಯಾರ್ಥಿಯೊಬ್ಬ ತನ್ನ ಸರ್ಕಾರದ ಮೇಲೇ ಕೇಸು ಜಡಿದ. 2004ರಲ್ಲಿ ಗೆದ್ದೂಬಿಟ್ಟ! ಪಟ್ಟಿಯಿಂದ ನಮ್ಮ ಹೆಸರು ತೆಗೆಯಿರಿ ಎಂದು ಕೋಸ್ಟರಿಕ ಅಮೆರಿಕವನ್ನು ಕೇಳಬೇಕಾಯಿತು.

ಅದೇ ಬಳಗದಲ್ಲಿ ಮಂಗೋಲಿಯವೂ ಇತ್ತು. 1258ರಲ್ಲಿ ಬಾಗ್ದಾದನ್ನು ಸುಟ್ಟು ಸೂರೆ ಮಾಡಿದವನು ಚೆಂಗೀಸ್ ಖಾನನ ಮೊಮ್ಮಗ ಹುಲಗು. 2003ರಲ್ಲಿ ಮಂಗೋಲಿಯದ ಸೈನಿಕರು ಮತ್ತೆ ಇರಾಕಿಗೆ ಬಂದರು. ಈ ಸಲ ಇನ್ನೂರೂ ಇರಲಿಲ್ಲ!

ಇನ್ನು ಆಲೂಗಡ್ಡೆಯ ಸರದಿ. ಫ್ರಾನ್ಸ್ ಈ ಯುದ್ಧ ಬೇಡವೆಂದಿತು. ಸಿಟ್ಟಾದ ಅಮೆರಿಕದ ಸಂಸದರು 2003ರ ಮಾರ್ಚ್ 11ರಂದು ತಮ್ಮ ಕ್ಯಾಂಟೀನಿನ 'ಫ್ರೆಂಚ್ ಫ್ರೈ' ಹೆಸರನ್ನೇ ಕಿತ್ತುಹಾಕಿ 'ಫ್ರೀಡಂ ಫ್ರೈ' ಎಂದು ಮರುನಾಮಕರಣ ಮಾಡಿದರು. 'ಫ್ರೆಂಚ್ ಟೋಸ್ಟ್' ಕೂಡ 'ಫ್ರೀಡಂ ಟೋಸ್ಟ್' ಆಯಿತು. ಆ ಫ್ರೈ ಹುಟ್ಟಿದ್ದು ಬೆಲ್ಜಿಯಂನಲ್ಲಿ ಕಣ್ರೀ ಎಂದು ಫ್ರಾನ್ಸಿನ ರಾಯಭಾರ ಕಚೇರಿ ನೆನಪಿಸಿತು. 'ಫ್ರೆಂಚ್ಸ್' ಎಂಬ ಹೆಸರಿನ ಸಾಸಿವೆ ಸಾಸ್ ಕಂಪನಿಯ ಪಾಡು ಕೇಳಬೇಡಿ. ನಮ್ಮಲ್ಲಿ ಹೆಸರೊಂದು ಬಿಟ್ಟು ಬೇರೇನೂ ಫ್ರೆಂಚ್ ಇಲ್ಲ ಎಂದು ಪ್ರಕಟಣೆ ಹೊರಡಿಸಿ ಕೈಮುಗಿಯಿತು!

ಇದರ ಬಾಲ ಇನ್ನೂ ವಿಚಿತ್ರ. ಹೆಸರು ಬದಲಿಸಲು ಪಟ್ಟು ಹಿಡಿದವರಲ್ಲಿ ಒಬ್ಬರು ನಾರ್ತ್ ಕೆರೊಲಿನಾದ ಸಂಸದ ವಾಲ್ಟರ್ ಜೋನ್ಸ್. ಸೈನಿಕನೊಬ್ಬನ ಅಂತ್ಯಕ್ರಿಯೆಗೆ ಹೋಗಿಬಂದ ಮೇಲೆ ಈ ಮನುಷ್ಯನ ಮನಸ್ಸು ತಿರುಗಿತು. ತಮ್ಮದೇ ಪಕ್ಷದ ಸರ್ಕಾರದ ಯುದ್ಧವನ್ನು ವಿರೋಧಿಸಿದರು. ಸತ್ತ ಸೈನಿಕರ ಮನೆಗಳಿಗೆ 10,000ಕ್ಕೂ ಹೆಚ್ಚು ಪತ್ರ ಕಳಿಸಿದರು. 2006ರಲ್ಲಿ ಕ್ಯಾಂಟೀನಿನ ಫಲಕಕ್ಕೆ ಹಳೆಯ ಹೆಸರು ಸದ್ದಿಲ್ಲದೆ ಮರಳಿತು.

ಬ್ರಿಟನ್ನಿನ ಸಂಸತ್ತಿನಲ್ಲಿ ಚಪ್ಪಾಳೆ ತಟ್ಟುವಂತಿಲ್ಲ. ಮೆಚ್ಚುಗೆಯಾದರೆ 'ಹಿಯರ್ ಹಿಯರ್' ಅನ್ನಬೇಕು, ಅಷ್ಟೇ. ಆದರೆ ಮಂತ್ರಿ ರಾಬಿನ್ ಕುಕ್ ಮಾರ್ಚ್ 17ರಂದು ರಾಜೀನಾಮೆ ಕೊಟ್ಟು ಮಾತು ಮುಗಿಸಿದಾಗ ಹಲವರು ಎದ್ದು ನಿಂತು ಚಪ್ಪಾಳೆ ಹೊಡೆದರು! ಮರುದಿನ ಆಳುವ ಪಕ್ಷದ 139 ಸಂಸದರು ತಮ್ಮ ಪ್ರಧಾನಿ ಟೋನಿ ಬ್ಲೇರ್ ವಿರುದ್ಧವೇ ಮತ ಹಾಕಿದರು. ಬ್ಲೇರ್ ಗೆದ್ದರು ಅನ್ನಿ. ಕೈ ಹಿಡಿದದ್ದು ವಿರೋಧ ಪಕ್ಷ!

ಸ್ಕಾಟ್ಲೆಂಡಿನಲ್ಲಿ ಇಬ್ಬರು ರೈಲು ಚಾಲಕರು ಮದ್ದುಗುಂಡು ತುಂಬಿದ ಗೂಡ್ಸ್ ರೈಲನ್ನು ಓಡಿಸಲು ಒಪ್ಪಲಿಲ್ಲ. ರೈಲು ನಿಂತಲ್ಲೇ ನಿಂತಿತು!

ಗ್ರೀಕ್ ಕವಿ ಅರಿಸ್ಟೊಫನೀಸನ 'ಲಿಸಿಸ್ಟ್ರಾಟ' ಕ್ರಿ.ಪೂ. 411ರ ನಾಟಕ. ಯುದ್ಧ ನಿಲ್ಲಿಸುವ ತನಕ ಗಂಡಂದಿರನ್ನು ಹಾಸಿಗೆಗೆ ಸೇರಿಸುವುದಿಲ್ಲ ಎಂದು ಹೆಂಗಸರು ಹಟ ಹಿಡಿಯುವ ಕಥೆ. 2003ರ ಮಾರ್ಚ್ 3ರಂದು 59 ದೇಶಗಳ ಸಾವಿರಕ್ಕೂ ಹೆಚ್ಚು ಕಡೆ ಅದನ್ನು ಒಟ್ಟಿಗೇ ಓದಿದರು. ಒಂದೇ ದಿನ!

ಸಿಡ್ನಿಯ ಒಪೆರಾ ಹೌಸ್ ನೋಡಿದ್ದೀರಲ್ಲ, ಬಿಳಿ ಹಾಯಿಗಳಂಥ ಚಾವಣಿ? ಯುದ್ಧಕ್ಕೆ ಎರಡು ದಿನ ಮೊದಲು ಇಬ್ಬರು ಅದರ ತುದಿಗೆ ಹತ್ತಿ, ಕೆಂಪು ಬಣ್ಣದಲ್ಲಿ 'ನೋ ವಾರ್' ಎಂದು ದೊಡ್ಡದಾಗಿ ಬರೆದರು. ಅವರಲ್ಲೊಬ್ಬ ಖಗೋಳವಿಜ್ಞಾನಿ! ವಾರಾಂತ್ಯದ ಜೈಲುವಾಸದ ಜೊತೆಗೆ ಬಣ್ಣ ತೊಳೆದ ಖರ್ಚು 1,51,000 ಡಾಲರ್ ಕಟ್ಟಿ ಎಂದಿತು ನ್ಯಾಯಾಲಯ. ಎಲ್ಲಿಂದ ತರುವುದು? ಅಲ್ಲಾಡಿಸಿದರೆ ಒಳಗೆ ಹಿಮ ಉದುರುವ ಗಾಜಿನ ಗೋಳದಲ್ಲಿ 'ನೋ ವಾರ್' ಬರೆದ ಪುಟಾಣಿ ಒಪೆರಾ ಹೌಸ್ ಕೂರಿಸಿ ಮಾರಿದರು!

ಒಬ್ಬನೇ ಒಬ್ಬನಿಗಾಗಿ ಕಾನೂನು ಮಾಡಿದರೆ ಹೇಗೆ? ಬ್ರಯನ್ ಹಾ ಎಂಬಾತ 2001ರ ಜೂನ್‌ನಿಂದ ಲಂಡನ್ ಸಂಸತ್ತಿನ ಎದುರು ಬಿಡಾರ ಹೂಡಿದ್ದ. ಇರಾಕಿನ ಮೇಲಿನ ಆರ್ಥಿಕ ದಿಗ್ಬಂಧನದ ವಿರುದ್ಧ ಶುರುವಾದ ಅವನ ಹಟ, ಮುಂದೆ ಯುದ್ಧದ ವಿರುದ್ಧ ತಿರುಗಿತು. ಫಲಕ, ಫೋಟೊ, ಬಾವುಟ, ಗೊಂಬೆ ಎಲ್ಲ ಸೇರಿ ರಸ್ತೆಯುದ್ದಕ್ಕೂ ಒಂದು ಗೋಡೆಯೇ ಎದ್ದಿತು. ಅವನನ್ನು ಏಳಿಸಲೆಂದೇ 2005ರಲ್ಲಿ ಕಾನೂನು ಬಂತು. ಸಂಸತ್ತಿನಿಂದ ಒಂದು ಕಿಲೋಮೀಟರ್ ಒಳಗೆ ಪ್ರತಿಭಟನೆ ಶುರುಮಾಡಬೇಕಾದರೆ ಮೊದಲೇ ಅನುಮತಿ ಬೇಕು ಎಂದು. ಈತ ಶುರುಮಾಡಿದ್ದು ಕಾನೂನಿಗಿಂತ ಮೊದಲು, ಹಾಗಾಗಿ ಈತನಿಗೆ ಇದು ಅನ್ವಯಿಸುವುದಿಲ್ಲ ಎಂದಿತು ಹೈಕೋರ್ಟು! ಬೇರೆಲ್ಲರೂ ಸಿಕ್ಕಿಬೀಳುತ್ತಾರೆ, ಅವನೊಬ್ಬ ಬಚಾವು! ಮರುವರ್ಷ ಮೇಲ್ಮನವಿಯಲ್ಲಿ ಆ ತೀರ್ಪು ಬಿತ್ತು. ಪೊಲೀಸರು ರಾತ್ರೋರಾತ್ರಿ ಬಂದು ಗೋಡೆಯ ಬಹುಪಾಲನ್ನು ಹೊತ್ತೊಯ್ದರು.

ಕಥೆ ಮುಗಿಯಲಿಲ್ಲ. ಮಾರ್ಕ್ ವಾಲಿಂಜರ್ ಎಂಬ ಕಲಾವಿದ ಹೊತ್ತೊಯ್ದ ಸಾಮಾನುಗಳ ನಕಲನ್ನು ಒಂದೂ ಬಿಡದೆ ತಯಾರಿಸಿ 2007ರಲ್ಲಿ ಟೇಟ್ ಬ್ರಿಟನ್ ಗ್ಯಾಲರಿಯಲ್ಲಿ ಇಟ್ಟ. ಆ ಒಂದು ಕಿಲೋಮೀಟರಿನ ಗಡಿ ಗ್ಯಾಲರಿಯ ಒಳಗೇ ಹಾಯುತ್ತದೆ ಎಂದು ನೆಲಕ್ಕೆ ಕಪ್ಪು ಗೆರೆಯನ್ನೂ ಎಳೆದ. ಕಲಾಕೃತಿಯ ಒಂದು ಭಾಗ ಗಡಿಯಾಚೆ, ಇನ್ನೊಂದು ಭಾಗ ನಿಷೇಧಿತ ಪ್ರದೇಶದಲ್ಲಿ! ಆ ವರ್ಷದ ಟರ್ನರ್ ಪ್ರಶಸ್ತಿಯೂ ವಾಲಿಂಜರ್‌ಗೇ ಬಂತು. ನನ್ನನ್ನು ಕೇಳಿದರೆ ಈ ಇಡೀ ಪಟ್ಟಿಯಲ್ಲಿ ಇದಕ್ಕೇ ಮೊದಲ ಬಹುಮಾನ.

ಭಾರತದ ಸೈನಿಕರೂ ಇರಾಕಿಗೆ ಹೋಗಬೇಕಿತ್ತು, ಗೊತ್ತೇ? ಸುಮಾರು 17,000 ಮಂದಿಯನ್ನು ಕಳಿಸಿ ಎಂದು ಅಮೆರಿಕ ಕೇಳಿತ್ತು. ಇಲ್ಲೂ ಭಾರೀ ಚರ್ಚೆ ನಡೆಯಿತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದು 2003ರ ಜುಲೈ 14ರಂದು ವಾಜಪೇಯಿ ಸರ್ಕಾರ ಕೈಯಲ್ಲಾಡಿಸಿತು. ಆಗಿನ ರಕ್ಷಣಾ ಮಂತ್ರಿ ಯಾರು ಹೇಳಿ? ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್!

ಅಮೆರಿಕದ ಆಗಿನ ಅಧ್ಯಕ್ಷ ಬುಷ್ ಅವರ ತೋಟದಮನೆ ಇರುವ ಕ್ರಾಫರ್ಡ್ ಎಂಬ ಪುಟ್ಟ ಊರಿಗೆ ಒಂದು ವಾರಪತ್ರಿಕೆ ಇತ್ತು. ಇರಾಕ್ ಯುದ್ಧವನ್ನೂ ಒಂದು ಕಾರಣವಾಗಿ ಮುಂದಿಟ್ಟು 2004ರ ಚುನಾವಣೆಯಲ್ಲಿ ಅದು ಬೆಂಬಲಿಸಿದ್ದು ಯಾರನ್ನು? ಎದುರಾಳಿ ಜಾನ್ ಕೆರಿಯನ್ನು! ಚಂದಾದಾರರು ಸಿಟ್ಟಾಗಿ ಪತ್ರಿಕೆ ಬಿಟ್ಟರು, ಅದು ಬೇರೆ ಮಾತು.

ಬಾಗ್ದಾದಿನ ಫಿರ್ದೌಸ್ ಚೌಕದಲ್ಲಿ ಸದ್ದಾಂ ಪ್ರತಿಮೆ ಉರುಳಿದ್ದನ್ನು ಟಿವಿಯಲ್ಲಿ ಕಂಡಿರುತ್ತೀರಿ. ಸರಿಯಾಗಿ ಎರಡು ವರ್ಷಕ್ಕೆ, 2005ರ ಏಪ್ರಿಲ್ 9ರಂದು, ಅದೇ ಚೌಕದಲ್ಲಿ ಸಾವಿರಾರು ಇರಾಕಿಗಳು ಸೇರಿ ಅಮೆರಿಕದವರೇ ಹೊರಡಿ ಎಂದರು. ಕೈದಿಗಳ ಕೆಂಪು ಉಡುಪು ತೊಡಿಸಿದ ಬೊಂಬೆಗಳನ್ನು ಉರುಳಿಸಿದರು. ಬುಷ್, ಬ್ಲೇರ್ ಮತ್ತು ಸದ್ದಾಂ, ಮೂವರೂ ಸಾಲಾಗಿ! ಯಾರ ಪರ ಎಂದು ಕೇಳಿದವರಿಗೆ ಇದಕ್ಕಿಂತ ಖಡಕ್ ಉತ್ತರ ಬೇಕೇ?

2008ರ ಡಿಸೆಂಬರ್ 14ರಂದು ಪತ್ರಕರ್ತ ಮುಂತಧರ್ ಅಲ್ ಝೈದಿ ಬುಷ್ ಮೇಲೆ ಎರಡೂ ಶೂ ಎಸೆದದ್ದು ಜಗತ್ಪ್ರಸಿದ್ಧ. ಅದು ಹತ್ತನೇ ಸೈಜು ಎಂದು ಬುಷ್ ನಗೆಯಾಡಿದರು. ಆ ಶೂಗಳು ಈಗೆಲ್ಲಿ? ಎಲ್ಲೂ ಇಲ್ಲ! ಸ್ಫೋಟಕ ಇದೆಯೇ ಎಂದು ಪರೀಕ್ಷೆ ಮಾಡುವಾಗಲೇ ಅವು ನಾಶವಾದವು. ತಿಕ್ರಿತ್‌ನಲ್ಲಿ ಶೂ ಆಕಾರದ ದೊಡ್ಡ ಶಿಲ್ಪವೊಂದು ಎದ್ದಿತು. ಸರ್ಕಾರ ಗದರಿತು. ಮರುದಿನವೇ ಮಾಯ!

ಇಷ್ಟೆಲ್ಲ ಆದಮೇಲೆ ಬ್ರಿಟನ್ ವಿಚಾರಣಾ ಆಯೋಗ ಕೂರಿಸಿತು. ಸರ್ ಜಾನ್ ಚಿಲ್ಕಾಟ್ ಅದರ ಅಧ್ಯಕ್ಷರು. ಯುದ್ಧ ಸಾರಿದಾಗ ಶಾಂತಿಯ ದಾರಿಗಳಿನ್ನೂ ಮುಗಿದಿರಲಿಲ್ಲ ಎಂದು ಅವರು ಹೇಳಲು ಏಳು ವರ್ಷ ಹಿಡಿಯಿತು. 2016ರ ಜುಲೈ 6ರಂದು ಹೊರಬಂದ ವರದಿ 12 ಸಂಪುಟ, 26 ಲಕ್ಷ ಪದ! ಅಚ್ಚಾದ ಪೂರ್ತಿ ಸೆಟ್ಟಿನ ಬೆಲೆ ಆಗ 767 ಪೌಂಡ್ ಇತ್ತು. ಗಾಬರಿಯಾಗಬೇಡಿ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ!