ಮಂಜರಾಬಾದಿನ ಕೆಂಪು ಹಣ್ಣು

ಹಾಸನದಿಂದ ಮಂಗಳೂರು ಹೆದ್ದಾರಿ ಹಿಡಿದು ಹೊರಟರೆ ಆಲೂರಿನ ಸುತ್ತ ಕೊಯ್ಲಾದ ಗದ್ದೆ, ಶುಂಠಿ ಹೊಲ, ಒಣಗಿ ನಿಂತ ಜೋಳದ ಕಡ್ಡಿ. ಬಾಳ್ಳುಪೇಟೆ ಬರುವ ಹೊತ್ತಿಗೆ ಬಯಲು ಮುಗಿದಿರುತ್ತದೆ. ನೆಲ ಏಳುತ್ತದೆ, ಸಿಲ್ವರ್ ಓಕ್ ಮರಗಳ ಸಾಲು ಶುರುವಾಗುತ್ತದೆ, ಮರಕ್ಕೆ ಮೆಣಸಿನ ಬಳ್ಳಿ, ಬಳ್ಳಿಯ ಬುಡದಲ್ಲಿ ಕಾಫಿ. ಡಿಸೆಂಬರ್ ತಿಂಗಳಲ್ಲಿ ಈ ದಾರಿಯ ಗಾಳಿಗೆ ಒಂದು ವಾಸನೆ ಇರುತ್ತದೆ. ಹುಳಿ, ಸಿಹಿ ಎರಡೂ ಸೇರಿದ, ಹಣ್ಣು ಕಳಿತು ಹುದುಗುವ ವಾಸನೆ. ಸಕಲೇಶಪುರದವರಿಗೆ ಅದು ಕಾಫಿ ಕುಯ್ಲಿನ ವಾಸನೆ. ದ್ರಾಕ್ಷಿ ಬೆಳೆಯುವ ಊರಿನವರು ಯಾರಾದರೂ ಇಲ್ಲಿ ಬಸ್ಸಿಳಿದರೆ ತಮ್ಮೂರಿನಲ್ಲೇ ಇಳಿದೆವೇನೋ ಅಂದುಕೊಳ್ಳಬಹುದು.

ವೈನ್ ದ್ರಾಕ್ಷಿ ಈ ಬೆಟ್ಟಗಳಿಗೆ ಒಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಬಳ್ಳಿ ಬೂಷ್ಟು ಹಿಡಿದು ಹೋಗುತ್ತದೆ. ಕರ್ನಾಟಕದಲ್ಲಿ ಫ್ರೆಂಚರ ನೆರವು ಪಡೆದು 1988ರಲ್ಲಿ ಶುರುವಾದ ಗ್ರೋವರ್ ವೈನ್ ತೋಟ ಇರುವುದು ದೊಡ್ಡಬಳ್ಳಾಪುರದ ಒಣ ಸೀಮೆಯಲ್ಲಿ. ಆದರೆ ಒಂದು ಹಣ್ಣು, ಒಂದು ಇಳಿಜಾರು, ಅಲ್ಲಿಯದೇ ಮಣ್ಣು, ಅಲ್ಲಿಯದೇ ಕೈಗಳು ಸೇರಿ ಬೇರೆಲ್ಲೂ ಸಿಗದ ರುಚಿಯನ್ನು ಮಾಡುವ ಕಸುಬು ಸಕಲೇಶಪುರದಲ್ಲೂ ಇದೆ. ಅದು ಕಾಫಿಯ ರೂಪದಲ್ಲಿದೆ.

ನಾನು ನಡೆದದ್ದು ಹಾನುಬಾಳು ಕಡೆಯ ಒಂದು ಸಣ್ಣ ತೋಟದಲ್ಲಿ. ದೊಡ್ಡ ಗೇಟು, ಬಂಗಲೆ ಇರುವ ಎಸ್ಟೇಟ್ ಅಲ್ಲ. ಗದ್ದೆಯ ಮೇಲಿನ ಇಳಿಜಾರಿನಲ್ಲಿ ಒಂದು ಮನೆ, ಮನೆ ಮುಂದೆ ಕಣ, ಹಿಂದೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಇಂಥವೇ, 25 ಎಕರೆಗಿಂತ ಕಡಿಮೆಯವು. ಬೆಳಗಿನ ಇಬ್ಬನಿ ಎಲೆಯಿಂದ ಇನ್ನೂ ತೊಟ್ಟಿಕ್ಕುತ್ತಿದ್ದಾಗಲೇ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದ ಸಾಲಿಗೆ ಇಳಿದಿದ್ದರು. ಅರೇಬಿಕಾ ಗಿಡ ಎದೆಯೆತ್ತರಕ್ಕೆ ಸವರಿ ಬೆಳೆಸಿದ್ದು. ಕೊಂಬೆಯ ಗೆಣ್ಣುಗೆಣ್ಣಿಗೂ ಹಣ್ಣಿನ ಗೊಂಚಲು. ಒಂದೇ ಗೊಂಚಲಲ್ಲಿ ಕೆಂಪು, ಹಳದಿ, ಹಸಿರು.

"ಕೆಂಪಗಾಗಿದ್ದು ಮಾತ್ರ ಬಿಡಿಸ್ಬೇಕು ಸಾ. ಹಸಿಕಾಯಿ ಬಿದ್ರೆ ಸಂಜೆ ಕಣದಲ್ಲಿ ಕೂತು ಆರಿಸೋರು ನಾವೇ," ಎಂದರು ಹಿರಿಯ ಅಕ್ಕ ಒಬ್ಬರು. ಅವರ ಬೆರಳು ಗೊಂಚಲಿನೊಳಗೆ ಹೋಗಿ ನಾಲ್ಕೈದು ಕೆಂಪು ಹಣ್ಣನ್ನಷ್ಟೇ ತಿರುಚಿ ತರುತ್ತಿತ್ತು, ಪಕ್ಕದ ಹಸಿರು ಅಲುಗುತ್ತಲೂ ಇರಲಿಲ್ಲ. ಕಣ್ಣು ಆಗಲೇ ಮುಂದಿನ ಕೊಂಬೆಯ ಮೇಲೆ. ಇದಕ್ಕೆ ತೋಟದಲ್ಲಿ ಫ್ಲೈ ಪಿಕ್ಕಿಂಗ್ ಅನ್ನುತ್ತಾರೆ. ಮೊದಲು ಹಣ್ಣಾದದ್ದನ್ನು ಮೊದಲು, ಉಳಿದದ್ದಕ್ಕೆ ಮತ್ತೆ ಎರಡು ಮೂರು ಸುತ್ತು. ಗೊಂಚಲನ್ನು ಒಂದೇ ಸಲ ಉದುರಿಸಿಬಿಟ್ಟರೆ ಕೂಲಿ ಉಳಿಯುತ್ತದೆ, ರುಚಿ ಹೋಗುತ್ತದೆ.

ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ಸಿಪ್ಪೆ ದಪ್ಪ, ತಿರುಳು ಇದೆಯೋ ಇಲ್ಲವೋ ಅನ್ನುವಷ್ಟು. ಆದರೆ ಬೀಜದ ಸುತ್ತ ಅಂಟಿದ ಲೋಳೆ ಸಿಹಿ. ಆ ಲೋಳೆಯ ಸಕ್ಕರೆಯೇ ಮುಂದಿನ ಕೆಲಸಕ್ಕೆಲ್ಲ ಮೂಲ.

ಕುಯ್ಲಿಗೆ ಈಗ ಊರಿನವರೇ ಸಾಲುವುದಿಲ್ಲ. ಪಕ್ಕದ ಸಾಲಿನಲ್ಲಿ ಅಸ್ಸಾಮಿನಿಂದ ಬಂದ ಗಂಡ ಹೆಂಡತಿ ಬಿಡಿಸುತ್ತಿದ್ದರು. ಎಲ್ಲರ ಕಿವಿಯೂ ಕಾಡಿನ ಕಡೆಗೇ. ಆಲೂರು, ಸಕಲೇಶಪುರ ಸೀಮೆಯಲ್ಲಿ ತೋಟದೊಳಗೆ ಆನೆ ಇರುವುದು ದಿನನಿತ್ಯದ ಸಂಗತಿ. 2013-14ರಲ್ಲಿ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ಆನೆಗಳ ಓಡಾಟ ನಿಲ್ಲಲಿಲ್ಲ. ಎಂಟು ವರ್ಷ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ ಪ್ರಾಣ ಬಿಟ್ಟದ್ದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, 2023ರ ಡಿಸೆಂಬರ್ 4ರಂದು, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಬೆಳಿಗ್ಗೆ ಆನೆಯ ಸುದ್ದಿ ಮೊಬೈಲಿನಲ್ಲಿ ಬಂದರೆ ಆ ದಿನ ಆ ಕಡೆಯ ತೋಟಕ್ಕೆ ಆಳು ಇಳಿಯುವುದಿಲ್ಲ. ಹಣ್ಣು ಗಿಡದಲ್ಲೇ ಒಣಗುತ್ತದೆ. ಒಂದು ಲೋಟ ಕಾಫಿಯ ಹಿಂದೆ ಇಂಥ ಭಯವೂ ಇದೆ ಅನ್ನುವುದು ಕುಡಿಯುವವರಿಗೆ ತಿಳಿದಿರಬೇಕು.

ಮಧ್ಯಾಹ್ನ ಮುಗಿಯುತ್ತಿದ್ದಂತೆ ಹಣ್ಣು ಅಳೆದು ಪಲ್ಪರ್‌ಗೆ ಸುರಿದರು. ಅಂದು ಬಿಡಿಸಿದ್ದು ಅಂದೇ ಪಲ್ಪ್ ಆಗಬೇಕು. ಒಂದು ಕಡೆ ಕೆಂಪು ಸಿಪ್ಪೆ ರಾಶಿ ಬೀಳುತ್ತದೆ, ಇನ್ನೊಂದು ಕಡೆ ಲೋಳೆ ಸುತ್ತಿದ ಬೀಜ ತೊಟ್ಟಿಗೆ ಜಾರುತ್ತದೆ. ತೊಟ್ಟಿಯಲ್ಲಿ ಒಂದು ರಾತ್ರಿ, ಚಳಿ ಹೆಚ್ಚಿದ್ದರೆ ಒಂದೂವರೆ ದಿನ. ಯೀಸ್ಟು, ಬ್ಯಾಕ್ಟೀರಿಯಾ ಸೇರಿ ಲೋಳೆಯನ್ನು ತಿಂದು ಕರಗಿಸುತ್ತವೆ. ಹಿಂದಿನ ದಿನದ ತೊಟ್ಟಿಯ ಪಕ್ಕ ತೋಟದ ಯಜಮಾನರು ಕೂತಿದ್ದರು. ಒಂದು ಕೋಲನ್ನು ಬೀಜದ ರಾಶಿಯೊಳಗೆ ನೇರ ಇಳಿಸಿ ಮೆಲ್ಲಗೆ ಎಳೆದರು. ಕೋಲು ಬಂದ ಜಾಗದಲ್ಲಿ ತೂತು ಹಾಗೇ ನಿಂತಿತು. ಒಂದು ಬೊಗಸೆ ಬೀಜ ತೆಗೆದು ಎರಡು ಅಂಗೈ ನಡುವೆ ಉಜ್ಜಿದರು. ಜಾರಲಿಲ್ಲ, ಹೊಳೆಯ ದಂಡೆಯ ಸಣ್ಣ ಕಲ್ಲಿನ ಹಾಗೆ ಜರಜರ ಅಂದಿತು. "ಆಯ್ತು, ತೊಳೀರಪ್ಪಾ," ಎಂದು ಕೂಗಿದರು. ಇನ್ನೂ ಕೆಲವು ಗಂಟೆ ಬಿಟ್ಟಿದ್ದರೆ ಬೀಜಕ್ಕೆ ಹಳಸಿದ ಹುಳಿ ಹತ್ತುತ್ತಿತ್ತು. ಯಂತ್ರ ಏನೇ ಬಂದರೂ ಈ ಗಳಿಗೆಯನ್ನು ಹಿಡಿಯುವುದು ಇನ್ನೂ ಕೈಯ ಕೆಲಸ.

ವೈನ್ ಮಾಡುವವರ ಕಸುಬಿಗೆ ಇದು ಎಷ್ಟು ಹತ್ತಿರ ಎಂಬುದು ತೊಟ್ಟಿಯ ಬಳಿ ನಿಂತಾಗ ಸ್ಪಷ್ಟವಾಗುತ್ತದೆ. ಕಪ್ಪು ದ್ರಾಕ್ಷಿಯ ರಸಕ್ಕೂ ಸಾಮಾನ್ಯವಾಗಿ ಬಣ್ಣವಿರುವುದಿಲ್ಲ. ಬಣ್ಣ, ಒಗರು, ಗಾಢ ಪರಿಮಳ ಎಲ್ಲ ಸಿಪ್ಪೆಯಲ್ಲಿ. ಸಿಪ್ಪೆಯ ಜೊತೆಗೇ ರಸವನ್ನು ಹುದುಗಿಸಿದರೆ ಕೆಂಪು ವೈನ್, ಸಿಪ್ಪೆ ಬೇರ್ಪಡಿಸಿ ಹುದುಗಿಸಿದರೆ ಬಿಳಿ. ಕಾಫಿಯಲ್ಲೂ ಇದೇ ಕವಲು. ಸಿಪ್ಪೆ ತೆಗೆದು, ಹುದುಗಿಸಿ, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಅದರ ರುಚಿ ತಿಳಿ, ಹುಳಿ ಚುರುಕು. ಹಣ್ಣನ್ನು ಇಡಿಯಾಗಿ ಬಿಸಿಲಿಗೆ ಹಾಕಿ ಒಣಗಿಸಿದ್ದು ಚೆರಿ. ಅದರಲ್ಲಿ ಮೈ ತುಂಬಿದ ಸಿಹಿ, ಹಣ್ಣಿನ ಗಮಲು. ನಮ್ಮಲ್ಲಿ ಬಹುಕಾಲ ಚೆರಿ ಅಂದರೆ ಉಳಿಕೆ ಮಾಲು. ನೆಲಕ್ಕೆ ಬಿದ್ದದ್ದು, ಕೊನೆಯ ಸುತ್ತಿನಲ್ಲಿ ಉದುರಿಸಿದ್ದು ಅದಕ್ಕೆ ಹೋಗುತ್ತಿತ್ತು. ಈಗ ಒಳ್ಳೆಯ ಹಣ್ಣನ್ನೇ ಆರಿಸಿ ಎತ್ತರದ ಜಾಲರಿಯ ಮೇಲೆ ನಿಧಾನವಾಗಿ ಒಣಗಿಸಿ ನ್ಯಾಚುರಲ್ ಎಂಬ ಹೆಸರಲ್ಲಿ ಹೆಚ್ಚಿನ ಬೆಲೆಗೆ ಮಾರುವವರು ಬಂದಿದ್ದಾರೆ. ಫ್ರಾನ್ಸಿನ ಬೋಜೊಲೆ ಸೀಮೆಯಲ್ಲಿ ದ್ರಾಕ್ಷಿಯ ಇಡೀ ಗೊಂಚಲನ್ನು ಇಂಗಾಲದ ಡೈಆಕ್ಸೈಡ್ ತುಂಬಿದ ಮುಚ್ಚಿದ ತೊಟ್ಟಿಯಲ್ಲಿ ಇಟ್ಟು ವೈನ್ ಮಾಡುವ ಪದ್ಧತಿ ಇದೆ. ಅದೇ ವಿಧಾನದಲ್ಲಿ ಹದ ಮಾಡಿದ ಕಾಫಿಯಿಂದ ಆಸ್ಟ್ರೇಲಿಯಾದ ಸಾಸಾ ಸೆಸ್ಟಿಕ್ 2015ರಲ್ಲಿ ವಿಶ್ವ ಬರಿಸ್ತಾ ಸ್ಪರ್ಧೆ ಗೆದ್ದರು. ಆಮೇಲೆ ಜಗತ್ತಿನ ಹಲವು ತೋಟಗಳಿಗೆ ಮುಚ್ಚಿದ ಡ್ರಮ್ಮುಗಳು ಬಂದವು. ನಾನು ನೋಡಿದ ತೋಟದಲ್ಲೂ ಎರಡು ನೀಲಿ ಡ್ರಮ್ ಇದ್ದವು, ಯಜಮಾನರ ಮಗಳು ಓದಿ ಬಂದು ಶುರುಮಾಡಿದ್ದು.

ಕಸುಬು ಇಷ್ಟು ಹತ್ತಿರ. ದೂರ ಇರುವುದು ಹೆಸರಿನಲ್ಲಿ.

ಬರ್ಗಂಡಿಯಲ್ಲಿ ದಿಜೋನ್ ಪಟ್ಟಣದ ದಕ್ಷಿಣಕ್ಕೆ ಜೆವ್ರೆ ಎಂಬ ಹಳ್ಳಿ. ಅದರ ಪಕ್ಕದ ಇಳಿಜಾರಿನಲ್ಲಿ ಶಾಂಬರ್ತಾಂ ಎಂಬ ದ್ರಾಕ್ಷಿ ತಾಕು, ಮೂವತ್ತು ಎಕರೆಗಿಂತ ಸ್ವಲ್ಪವೇ ಹೆಚ್ಚು. ಅಲ್ಲಿನ ಪಿನೋ ನ್ವಾರ್ ದ್ರಾಕ್ಷಿಯ ಕೆಂಪು ವೈನ್ ಎಷ್ಟು ಪ್ರಸಿದ್ಧವಾಯಿತೆಂದರೆ 1847ರಲ್ಲಿ ಹಳ್ಳಿಯೇ ತನ್ನ ಹೆಸರಿಗೆ ತೋಟದ ಹೆಸರನ್ನು ಸೇರಿಸಿಕೊಂಡು ಜೆವ್ರೆ-ಶಾಂಬರ್ತಾಂ ಆಯಿತು. 1935ರ ಕಾನೂನು ಬಂದ ಮೇಲೆ ಯಾವ ಗಡಿಯೊಳಗೆ, ಯಾವ ತಳಿ, ಎಕರೆಗೆ ಎಷ್ಟು ಇಳುವರಿ ಎಂಬುದೆಲ್ಲ ಬರೆದಿಟ್ಟ ನಿಯಮವಾಯಿತು. ಅಲ್ಲಿನ ರೈತ ಬಾಟಲಿಯ ಮೇಲೆ ತನ್ನ ಇಳಿಜಾರಿನ ಹೆಸರು ಬರೆದು ಮಾರುತ್ತಾನೆ. 2015ರಲ್ಲಿ ಬರ್ಗಂಡಿಯ ಈ ತಾಕುಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಸಕಲೇಶಪುರದಲ್ಲಿ ಆದದ್ದು ಇದರ ತಿರುಗುಮುರುಗು. ಈ ತಾಲ್ಲೂಕಿನ ಹೆಸರು ಹಿಂದೆ ಮಂಜರಾಬಾದ್. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬ ಯುರೋಪಿಯನ್ ಇಲ್ಲಿ ಕಾಫಿ ತೋಟ ತೆರೆದ. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲೇ ನೆಲೆಸಿ ಕಾಫಿ ಬೆಳೆದು, ನೆರಳಿನ ಮರಗಳ ಬಗ್ಗೆ, ಗೊಬ್ಬರದ ಬಗ್ಗೆ, ಇಲ್ಲಿನ ಜನರ ಬಗ್ಗೆ 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕ ಬರೆದ. ತಾಲ್ಲೂಕಿಗೆ ಸಕಲೇಶಪುರ ಎಂಬ ಹೆಸರು ಬಂದ ಮೇಲೆ ಮಂಜರಾಬಾದ್ ಉಳಿದದ್ದು ಮುಖ್ಯವಾಗಿ ಎರಡು ಕಡೆ: ಪೇಟೆಯ ಹತ್ತಿರದ ಹಳೆಯ ಕೋಟೆಯ ಹೆಸರಿನಲ್ಲಿ, ಕಾಫಿ ಮಂಡಳಿಯ ಪ್ರದೇಶಗಳ ಪಟ್ಟಿಯಲ್ಲಿ. ಮಂಡಳಿ ಗುರುತಿಸಿದ 13 ಕಾಫಿ ಪ್ರದೇಶಗಳಲ್ಲಿ ಮಂಜರಾಬಾದ್ ಒಂದು. ಆದರೆ ಬೆಂಗಳೂರಿನ ಅಂಗಡಿಯಲ್ಲಿ ಮಂಜರಾಬಾದ್ ಕಾಫಿ ಕೊಡಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಹೆಸರು ಕಳೆದದ್ದಕ್ಕೆ ಕಾರಣ ಇದೆ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆಗಾರ ಬೆಳೆದದ್ದನ್ನು ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಎಲ್ಲರ ಕಾಫಿಯೂ ಕ್ಯೂರಿಂಗ್ ವರ್ಕ್ಸ್ ಸೇರಿ, ಗಾತ್ರ, ಆಕಾರ ನೋಡಿ ಪ್ಲಾಂಟೇಶನ್ ಎ, ಬಿ, ಪೀಬೆರಿ ಎಂದು ಬೇರೆಯಾಗುತ್ತಿತ್ತು. ಬೆಲೆ ಕುಸಿದಾಗ ಆ ವ್ಯವಸ್ಥೆ ರೈತನನ್ನು ಕಾಪಾಡಿದ್ದೂ ನಿಜ. ಆದರೆ ಯಾವ ಇಳಿಜಾರಿನ ಹಣ್ಣು ಎಂಬ ನೆನಪು ಮೂಟೆಯೊಳಗೆ ಕರಗಿಹೋಯಿತು. 1990ರ ದಶಕದಲ್ಲಿ ಹಂತಹಂತವಾಗಿ ಪೂಲ್ ಮುಗಿದರೂ ರೂಢಿ ಮುಂದುವರಿಯಿತು. ಇಲ್ಲಿನ ಕಾಫಿ ಇಟಲಿಯಂಥ ದೇಶಕ್ಕೆ ಹೋಗಿ ಬೇರೆಯವರ ಬ್ರಾಂಡಿನೊಳಗೆ ಬೆರೆಯುತ್ತದೆ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಅರಕು ಅರೇಬಿಕಾಗಳಿಗೂ ವಯನಾಡಿನ ರೊಬಸ್ಟಾಗೂ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆ ಐದರಲ್ಲಿ ಮಂಜರಾಬಾದ್ ಇರಲಿಲ್ಲ. ಇರಬೇಕಿತ್ತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಮರುದಿನ ಮಂಜರಾಬಾದ್ ಕೋಟೆ ಹತ್ತಿದೆ. ಪೇಟೆಯಿಂದ ಮಂಗಳೂರಿನ ಕಡೆ ಸ್ವಲ್ಪ ದೂರ, ಹೆದ್ದಾರಿಯ ಪಕ್ಕದಲ್ಲೇ ಮೆಟ್ಟಿಲು. ಟಿಪ್ಪು ಸುಲ್ತಾನ ಕಟ್ಟಿಸಿ 1792ರಲ್ಲಿ ಮುಗಿದ ಈ ಕೋಟೆಗೆ ನಕ್ಷತ್ರದಂತೆ ಎಂಟು ಮೂಲೆ. ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾಂ ರೂಢಿಸಿದ ಮಾದರಿ ಇದು: ಗೋಡೆಯ ಯಾವ ಭಾಗಕ್ಕೆ ಶತ್ರು ಬಂದರೂ ಪಕ್ಕದ ಚಾಚಿನಿಂದ ಗುಂಡು ಹಾರಿಸಬಹುದು. ನಡುವೆ ಶಿಲುಬೆಯಾಕಾರದ ಮೆಟ್ಟಿಲ ಬಾವಿ, ಪಕ್ಕದಲ್ಲಿ ತಂಪಾದ ಮದ್ದಿನ ಮನೆ. ಗೋಡೆಯ ಮೇಲೆ ನಿಂತರೆ ಪಶ್ಚಿಮಕ್ಕೆ ಘಟ್ಟದ ಸಾಲು, ಪೂರ್ವಕ್ಕೆ ಸಿಲ್ವರ್ ಓಕ್ ತುದಿಗಳು. ಮಂಜಿನಿಂದಲೇ ಈ ಹೆಸರು ಬಂತೆಂದು ಊರಿನವರು ಹೇಳುವುದನ್ನು ನಂಬಲು ಡಿಸೆಂಬರಿನ ಒಂದು ಬೆಳಗು ಸಾಕು.

ಸಂಜೆ ಯಜಮಾನರ ಮನೆಯ ಜಗಲಿಯಲ್ಲಿ ಅದೇ ತೋಟದ ಕಾಫಿ, ಹಾಲು ಹಾಕದೆ. ಎಸ್. 795 ಎಂಬ ತಳಿ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ್ದು. ಮೊದಲ ಗುಟುಕಿಗೆ ಕಿತ್ತಳೆ ಸಿಪ್ಪೆಯ ಹುಳಿ, ನುಂಗಿದ ಮೇಲೆ ಬೆಲ್ಲದ ಛಾಯೆ. ಡ್ರಮ್ಮಿನದು ಬೇರೆ, ಬಾಯಿ ತುಂಬ ಹಣ್ಣು. ನನಗೆ ಹಿಡಿಸಿದ್ದು ಮೊದಲಿನದೇ.

"ಅರೇಬಿಕಾ ಎಷ್ಟು ದಿನ ಇಟ್ಕೋತೀವೋ ಗೊತ್ತಿಲ್ಲ," ಎಂದರು ಅವರು. ಬೋರರ್ ಹುಳು ಕಾಂಡ ಕೊರೆದು ಗಿಡ ಕೊಲ್ಲುತ್ತದೆ. ಆ ಗಿಡ ಕಿತ್ತು ಸುಡುವುದೇ ದಾರಿ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದ ಮೇಲೆ ಸತ್ತ ಅರೇಬಿಕಾದ ಜಾಗಕ್ಕೆ ರೊಬಸ್ಟಾ ಬರುತ್ತಿದೆ. ಅವರ ಲೆಕ್ಕ ತಪ್ಪೆನ್ನಲು ನನಗೆ ಬಾಯಿಲ್ಲ. ಹೆಸರಿಲ್ಲದ ಮೂಟೆಗೆ ಹೆಚ್ಚಿನ ಕಷ್ಟದ ತಳಿಯನ್ನು ಯಾಕೆ ಸಾಕಬೇಕು? ಜೆವ್ರೆಯ ರೈತ ಇಳುವರಿ ಕಡಿಮೆ ಇಟ್ಟುಕೊಂಡೂ ಬದುಕುವುದು ಹೆಸರಿಗೆ ಬೆಲೆ ಸಿಗುವುದರಿಂದ. ಇಲ್ಲಿ ಮಗಳು ಈ ವರ್ಷದಿಂದ ಪೊಟ್ಟಣದ ಮೇಲೆ ಊರು, ತಳಿ, ಕುಯ್ಲಿನ ತಿಂಗಳು, ಮೇಲೆ ದೊಡ್ಡದಾಗಿ ಮಂಜರಾಬಾದ್ ಎಂದು ಅಚ್ಚು ಹಾಕಿಸಿದ್ದಾಳೆ.

ಹೋಗುವವರಿಗೆ: ಅರೇಬಿಕಾ ಕುಯ್ಲು ನೋಡಬೇಕಾದರೆ ಡಿಸೆಂಬರ್, ಜನವರಿ. ಹೂ ನೋಡಬೇಕಾದರೆ ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದು ಒಂದು ವಾರ ಕಳೆದ ಮೇಲೆ. ಯಾರದೇ ತೋಟಕ್ಕೂ ಕೇಳದೆ ಕಾಲಿಡಬೇಡಿ, ಕಣದ ಮೇಲೆ ಚಪ್ಪಲಿ ಹಾಕಿ ನಡೆಯಬೇಡಿ, ಕತ್ತಲಾಗುವ ಮುನ್ನ ಹೆದ್ದಾರಿಗೆ ಬಂದುಬಿಡಿ. ಕಾಫಿಪುಡಿ ಕೊಳ್ಳುವಾಗ ಯಾವ ಸೀಮೆಯ ಹಣ್ಣು, ಯಾವ ವರ್ಷದ ಕುಯ್ಲು, ಚಿಕೋರಿ ಎಷ್ಟು ಎಂದು ಅಂಗಡಿಯವರನ್ನು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ಸಲ ತಿಳಿದಿಡಲು ಹೇಳಿ.