ನಿಮಗಿದು ಗೊತ್ತೇ? ಕಾಸಿ ನೀರಿಗೆ ಅದ್ದಿದರೆ ಮೆತ್ತಗಾಗುವ ಲೋಹ!

ಚಿನ್ನದ ದರ ಕೇಳಿದರೆ ಎದೆ ಧಸಕ್ಕೆನ್ನುವ ಕಾಲ ಇದು. ಹಾಗಾದರೆ ತಾಮ್ರದ ಕಡೆ ಒಮ್ಮೆ ತಿರುಗಿ ನೋಡಿ. ಒಂದು ಸುತ್ತಿಗೆ, ಒಂದು ಇಕ್ಕಳ, ಒಂದು ಅರ, ಒಂದಿಷ್ಟು ಬೆಂಕಿ. ಇಷ್ಟಿದ್ದರೆ ಬಳೆ, ಉಂಗುರ, ಓಲೆ ಎಲ್ಲವೂ ಕೈಯಲ್ಲೇ ತಯಾರು! ಈ ಕೆಂಪು ಲೋಹ ಏನೇನು ಆಟ ಆಡುತ್ತದೆ ಗೊತ್ತೇ? ಬನ್ನಿ, ಒಂದೊಂದಾಗಿ ನೋಡೋಣ.

ನೀವು ಆಗಲೇ ತೊಟ್ಟಿದ್ದೀರಿ!

"ನಮಗೆ ತಾಮ್ರಗೀಮ್ರ ಬೇಡಪ್ಪ, ಚಿನ್ನವೇ ಆಗಬೇಕು" ಅನ್ನುತ್ತೀರಾ? ಸ್ವಲ್ಪ ತಾಳಿ. 22 ಕ್ಯಾರೆಟ್ ಬಳೆಯಲ್ಲಿ ಚಿನ್ನ ಇರುವುದು ನೂರಕ್ಕೆ 91.6 ಪಾಲು ಮಾತ್ರ. ಉಳಿದ ಜಾಗ ತುಂಬುವುದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಅಂದರೆ ನಿಮ್ಮ ಮೈಮೇಲೆ ತಾಮ್ರ ಆಗಲೇ ಇದೆ!

ಅಂಗಡಿಯಲ್ಲಿ 'ರೋಸ್ ಗೋಲ್ಡ್' ಅಂತ ಗುಲಾಬಿ ಬಣ್ಣದ ಉಂಗುರ ತೋರಿಸುತ್ತಾರಲ್ಲ, ಆ ಗುಲಾಬಿ ಎಲ್ಲಿಂದ ಬಂತು? ಚಿನ್ನಕ್ಕೆ ಬೆರೆಸಿದ ತಾಮ್ರದಿಂದ! ತಾಮ್ರ ಹೆಚ್ಚಿದಷ್ಟೂ ಕೆಂಪು ಹೆಚ್ಚು.

ಗೋಡೆಯೊಳಗಿನ ಕರೆಂಟಿನ ವೈರು ನೆನಪಿಸಿಕೊಳ್ಳಿ. ಅದರ ತಾಮ್ರ ನೂರಕ್ಕೆ 99.9ರಷ್ಟು ಶುದ್ಧ. ಶುದ್ಧತೆಯ ಪಂದ್ಯ ಕಟ್ಟಿದರೆ ಸ್ವಿಚ್ಚಿನ ಹಿಂದಿನ ತಂತಿ ನಿಮ್ಮ ಚಿನ್ನದ ಬಳೆಯನ್ನು ಸುಲಭವಾಗಿ ಸೋಲಿಸುತ್ತದೆ!

ಒಂದೇ ಅಳತೆಯ ಎರಡು ಬಳೆ ಮಾಡಿ. ಒಂದು ತಾಮ್ರದ್ದು, ಇನ್ನೊಂದು ಅಪ್ಪಟ ಚಿನ್ನದ್ದು. ತಕ್ಕಡಿಗೆ ಹಾಕಿದರೆ ಚಿನ್ನದ್ದು ಎರಡು ಪಟ್ಟಿಗಿಂತಲೂ ಹೆಚ್ಚು ಭಾರ! ದಪ್ಪನೆಯ ಕಡಗ ತೊಟ್ಟೂ ಕೈ ಹಗುರವಾಗಿರಬೇಕೆಂದರೆ ತಾಮ್ರವೇ ಸರಿ.

ಒಂದು ಕಿಲೋ ತಾಮ್ರವನ್ನು 1 ಮಿಲಿಮೀಟರ್ ದಪ್ಪದ ತಂತಿಯಾಗಿ ಎಳೆದರೆ ಎಷ್ಟು ಉದ್ದ ಬರುತ್ತದೆ? ಸುಮಾರು 140 ಮೀಟರ್! ಇಡೀ ಓಣಿಯ ಹೆಣ್ಣುಮಕ್ಕಳಿಗೆಲ್ಲ ಓಲೆ ಮಾಡಿಕೊಟ್ಟರೂ ಮಿಗುತ್ತದೆ.

ತಂತಿ ಕೊಳ್ಳುವಾಗ ಹುಷಾರು. 'ಗೇಜ್' ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳ್ಳಗೆ! 24 ಗೇಜ್ ಎಳೆ ಕೈಬೆರಳಲ್ಲೇ ಸುರುಳಿ ಸುತ್ತಿಕೊಳ್ಳುತ್ತದೆ. 8 ಗೇಜ್ ಕೇಳಿದರೋ, ಸರಳಿನಂಥದ್ದನ್ನು ಕೈಗೆ ಕೊಡುತ್ತಾರೆ. ತಂತಿಯನ್ನು ಚಿಕ್ಕ ಚಿಕ್ಕ ತೂತುಗಳಲ್ಲಿ ಎಷ್ಟು ಸಲ ಎಳೆದರೋ ಅಷ್ಟು ದೊಡ್ಡ ಸಂಖ್ಯೆ. ಹಳೆಯ ಲೆಕ್ಕ, ಈಗಲೂ ಚಾಲ್ತಿಯಲ್ಲಿದೆ!

ಹಳೆಯದೆಂದರೆ ಎಷ್ಟು ಹಳೆಯದು?

ಬಲೂಚಿಸ್ತಾನದ ಮೆಹರ್‌ಗಢದಲ್ಲಿ 7000 ವರ್ಷಕ್ಕೂ ಹಿಂದಿನ ಗೋರಿಯೊಂದರಲ್ಲಿ ತಾಮ್ರದ ಮಣಿಗಳು ಸಿಕ್ಕವು. ಒಂದು ಮಣಿಯ ತೂತಿನೊಳಗೆ ಏನಿತ್ತು ಗೊತ್ತೇ? ಹತ್ತಿಯ ನೂಲು! ಬಟ್ಟೆಬರೆ ಎಲ್ಲ ಮಣ್ಣಾದರೂ ತಾಮ್ರದ ಕಿಲುಬು ಒಳಗಿಳಿದು ಆ ಎಳೆಯನ್ನು ಕಾಪಾಡಿತ್ತು. ಮನುಷ್ಯ ಹತ್ತಿ ಬಳಸಿದ್ದಕ್ಕೆ ಸಿಕ್ಕಿರುವ ತೀರ ಹಳೆಯ ಸಾಕ್ಷಿಗಳಲ್ಲಿ ಇದೂ ಒಂದು. ಬಟ್ಟೆಯ ಚರಿತ್ರೆ ಹೇಳಿದ್ದು ಒಂದು ಮಣಿ!

ಅದೇ ಊರಿನ ಇನ್ನೊಂದು ಅಚ್ಚರಿ ಕೇಳಿ. ಸುಮಾರು 6000 ವರ್ಷ ಹಳೆಯ ತಾಮ್ರದ ತಾಯಿತ. ಆರು ಅರೆಗಳ ಪುಟ್ಟ ಚಕ್ರ, ಅಗಲ ಬರೀ 2 ಸೆಂಟಿಮೀಟರ್! ಮೇಣದಲ್ಲಿ ಗೊಂಬೆ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುತ್ತಾರಲ್ಲ, ಆ ವಿಧಾನದಲ್ಲಿ ಮಾಡಿದ್ದು ಎಂದು 2016ರಲ್ಲಿ ವಿಜ್ಞಾನಿಗಳು ಪರೀಕ್ಷಿಸಿ ತೋರಿಸಿದರು. ಆ ವಿಧಾನದ ಗೊತ್ತಿರುವ ಅತಿ ಹಳೆಯ ವಸ್ತುಗಳಲ್ಲಿ ಒಂದು ನಮ್ಮ ಉಪಖಂಡದ ಈ ಒಡವೆ!

ಅದಿರು ಕರಗಿಸದೆಯೇ ಒಡವೆ ಮಾಡಬಹುದೇ? ಧಾರಾಳವಾಗಿ! ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಸುತ್ತ ಅಪ್ಪಟ ತಾಮ್ರದ ಗಟ್ಟಿಗಳೇ ನೆಲದಲ್ಲಿ ಸಿಗುತ್ತಿದ್ದವು. ಅಲ್ಲಿನ ಮೂಲನಿವಾಸಿಗಳು ಕುಲುಮೆ ಮೂಸೆಗಳ ಗೊಡವೆಗೇ ಹೋಗದೆ ಸಾವಿರಾರು ವರ್ಷ ಬರೀ ಕಾಸಿ, ಬಡಿದು ಮಣಿ ಮಾಡಿಕೊಂಡರು!

ಕೈಗೆ ಹಾಕಿಕೊಳ್ಳುವ ಕಡಗವೇ ದುಡ್ಡಾದರೆ? ಪಶ್ಚಿಮ ಆಫ್ರಿಕದಲ್ಲಿ ಹಾಗೇ ಇತ್ತು. 'ಮನಿಲ್ಲಾ' ಎಂಬ ತಾಮ್ರ, ಹಿತ್ತಾಳೆಯ ಕಡಗ ಕೊಟ್ಟು ಸಂತೆ ಮಾಡುತ್ತಿದ್ದರು. ಇದೇ ಕಡಗಗಳಿಗೆ ಮನುಷ್ಯರನ್ನೂ ಕೊಂಡು ಗುಲಾಮರಾಗಿ ಸಾಗಿಸಿದ ಕರಾಳ ಕಾಲವೂ ಒಂದಿತ್ತು. ನೈಜೀರಿಯದಲ್ಲಿ ಇವು ಚಲಾವಣೆಯಿಂದ ಹೋದದ್ದು 1940ರ ದಶಕದ ಕೊನೆಯಲ್ಲಷ್ಟೇ!

ಬೆಂಕಿಯ ಮುಂದೆ ಉಲ್ಟಾ ಆಟ

ತಾಮ್ರದ ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಲೇ ಇರಿ. ಮೊದಲು ಸಲೀಸು, ಆಮೇಲೆ ಬಿಗಿ, ಕೊನೆಗೆ ಟಕ್ಕನೆ ಮುರಿಯುತ್ತದೆ. ಹೌದು, ತಾಮ್ರಕ್ಕೂ ದಣಿವಾಗುತ್ತದೆ! ಬಡಿದಷ್ಟೂ ಅದು ಗಡಸಾಗುತ್ತ ಹೋಗುತ್ತದೆ.

ದಣಿದ ತಾಮ್ರಕ್ಕೆ ಮದ್ದೇನು? ಬೆಂಕಿ! ಮಬ್ಬುಗೆಂಪು ಬಣ್ಣ ಬರುವವರೆಗೆ ಕಾಸಿ, ನೀರಿಗೆ ಅದ್ದಿ. ಚುಯ್ ಅಂದು ಆರುತ್ತದೆ. ಎತ್ತಿ ನೋಡಿದರೆ ಮೊದಲಿನಂತೆ ಮೆತ್ತಗೆ! ಗಡಸಾದಾಗಲೆಲ್ಲ ಹೀಗೆ ಕಾಸಿ ಮತ್ತೆ ಬಡಿಯಬಹುದು.

ಇಲ್ಲೇ ಇರುವುದು ಸ್ವಾರಸ್ಯ. ಕಮ್ಮಾರ ಉಕ್ಕಿನ ಕುಡುಗೋಲನ್ನು ಕಾಸಿ ನೀರಿಗೆ ಅದ್ದುವುದು ಗಡಸಾಗಲಿ ಅಂತ. ತಾಮ್ರಕ್ಕೆ ಅದೇ ಉಪಚಾರ ಮಾಡಿದರೆ ಮೆತ್ತಗಾಗುತ್ತದೆ! ಅಸಲಿಗೆ ತಾಮ್ರವನ್ನು ಮೆತ್ತಗೆ ಮಾಡುವುದು ಬೆಂಕಿಯೇ. ನೀರು ಬರೀ ಬೇಗ ಆರಿಸುವುದಕ್ಕೆ. ಹಾಗೇ ಬಿಟ್ಟರೂ ಮೆತ್ತಗೇ ಇರುತ್ತದೆ!

ತಾಮ್ರ ಕಾಸುವವರು ದೀಪ ಆರಿಸುತ್ತಾರೆ, ಯಾಕೆ ಗೊತ್ತೇ? ಆ ಮಬ್ಬುಗೆಂಪು ಬಿಸಿಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ! ಅದು ಕಾಣದೆ ಕಾಸುತ್ತಲೇ ಹೋಗಿ 1085 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಾಮ್ರ ಕರಗಿಯೇ ಹೋಗುತ್ತದೆ. ನೆರಳಿನ ಮೂಲೆಯೇ ಕ್ಷೇಮ.

ಬೆಂಕಿಯಿಂದ ಬಂದ ತಾಮ್ರ ಕರ್ರಗಿರುತ್ತದೆ. ಅದನ್ನು ತೊಳೆಯುವುದು ಹೇಗೆ? ನಿಮ್ಮ ಅಜ್ಜಿಗೆ ಗೊತ್ತಿತ್ತು! ಹಂಡೆ ಬೆಳಗುವ ಹುಣಸೆಹಣ್ಣಿನ ಹುಳಿಯೇ ಇಲ್ಲೂ ಕೆಲಸಕ್ಕೆ ಬರುತ್ತದೆ. ಒಡವೆ ಮಾಡುವವರು ಬಿಸಿನೀರಿಗೆ ಸಿಟ್ರಿಕ್ ಆಮ್ಲದ ಪುಡಿ ಹಾಕಿ ಅದರಲ್ಲಿ ಮುಳುಗಿಸಿಡುತ್ತಾರೆ. ಕಪ್ಪು ಮಾಯ!

ಆದರೆ ಆ ಹುಳಿನೀರಿಗೆ ಕಬ್ಬಿಣದ ಚಿಮಟ ಮಾತ್ರ ಇಳಿಸಬೇಡಿ. ನೀರಲ್ಲಿ ಕರಗಿರುವ ತಾಮ್ರವೆಲ್ಲ ಎದ್ದುಬಂದು ಒಳಗಿರುವ ಬೆಳ್ಳಿಯ ಒಡವೆಗೂ ಅಂಟಿಕೊಂಡು ಅದನ್ನು ಕೆಂಪಗೆ ಮಾಡಿಬಿಡುತ್ತದೆ! ಅದಕ್ಕೇ ಮರದ ಇಲ್ಲವೇ ತಾಮ್ರದ ಚಿಮಟ.

ಒಂದು ಉಂಗುರ, ಐದು ಬೆರಗು

ನಿಮ್ಮ ಬೆರಳಿಗೆ 17 ಮಿಲಿಮೀಟರ್ ಒಳವ್ಯಾಸದ ಉಂಗುರ ಬೇಕು. 17ನ್ನು 3.14ರಿಂದ ಗುಣಿಸಿ 53.4 ಮಿಲಿಮೀಟರ್ ಪಟ್ಟಿ ಕತ್ತರಿಸಿದಿರೋ, ಕೆಟ್ಟಿರಿ! ತಗಡಿನ ದಪ್ಪವನ್ನೂ ಕೂಡಿಸಿಕೊಳ್ಳಬೇಕು. ದಪ್ಪ 1.5 ಇದ್ದರೆ ಬೇಕಾದ ಉದ್ದ 58 ಮಿಲಿಮೀಟರ್. ಇಲ್ಲದಿದ್ದರೆ ಉಂಗುರ ಗೆಣ್ಣು ದಾಟುವುದೇ ಇಲ್ಲ!

ಕತ್ತರಿಸುವ ಪುಟ್ಟ ಗರಗಸದ ಬ್ಲೇಡು ನೋಡಿ. ಹಲ್ಲುಗಳೆಲ್ಲ ಕೆಳಮುಖ, ಹಿಡಿಯ ಕಡೆಗೆ! ತಳ್ಳಿದಾಗ ಅಲ್ಲ, ಕೆಳಕ್ಕೆ ಎಳೆದಾಗ ಕತ್ತರಿಸುತ್ತದೆ. ಬಡಗಿಯ ಕೈಗರಗಸದ ರೂಢಿ ಇದ್ದವರು ಇಲ್ಲಿ ಒಂದಾದ ಮೇಲೊಂದು ಬ್ಲೇಡು ಮುರಿಯುವುದು ಖಾತ್ರಿ!

ಬಗ್ಗಿಸಿದ ಮೇಲೆ ಎರಡು ತುದಿ ಕೂಡುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಒಂದು ಗೆರೆ ಬೆಳಕು ತೂರಿದರೂ ಮತ್ತೆ ಅರ ಹಾಕಬೇಕು. ಬೆಸುಗೆ ಸಂದು ಮುಚ್ಚುವುದಿಲ್ಲ, ಒತ್ತಿ ಕೂತ ತುದಿಗಳ ನಡುವೆ ಮಾತ್ರ ಓಡುತ್ತದೆ! ಬಿಳಿಗಾರ ಹಚ್ಚಿ, ಎಳ್ಳಿನಷ್ಟು ಬೆಳ್ಳಿಯ ಬೆಸುಗೆ ಇಟ್ಟು ಬೆಂಕಿ ತೋರಿದರೆ ಮಿಂಚಿನಂತೆ ಫಳಕ್ಕನೆ ಒಳಗೆ ನುಗ್ಗುತ್ತದೆ.

ಬೆಸುಗೆ ಯಾವ ಕಡೆ ಓಡುತ್ತದೆ? ಬಿಸಿ ಹೆಚ್ಚಿದ್ದ ಕಡೆ! ಹಾಗಂತ ಸಂದಿಗಷ್ಟೇ ಬೆಂಕಿ ಹಿಡಿದರೆ ನಡೆಯದು. ತಾಮ್ರ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚುರುಕಾಗಿ ಬಿಸಿಯನ್ನು ಸಾಗಹಾಕಿಬಿಡುತ್ತದೆ. ಇಡೀ ಉಂಗುರವನ್ನೇ ಕಾಸಬೇಕು. ಲೋಹಗಳ ಪೈಕಿ ಈ ವಿದ್ಯೆಯಲ್ಲಿ ತಾಮ್ರವನ್ನು ಮೀರಿಸಿದ್ದು ಬೆಳ್ಳಿ ಒಂದೇ!

ಬೆಸೆದ ಉಂಗುರದಲ್ಲಿ ಕೆಂಪು ತಾಮ್ರದ ನಡುವೆ ಒಂದು ಬಿಳಿ ಗೆರೆ ಉಳಿದುಬಿಡುತ್ತದೆ. ಮರೆಮಾಡುವುದು ಹೇಗೆ? ಬೇಡವೆಂದಿದ್ದ ಕಬ್ಬಿಣವನ್ನು ಈಗ ಬೇಕೆಂದೇ ಹುಳಿನೀರಿಗೆ ಹಾಕಿ! ಬಿಳಿ ಗೆರೆಯ ಮೇಲೂ ತಾಮ್ರದ ಲೇಪ ಕೂತು ಸಂದು ಕಾಣೆಯಾಗುತ್ತದೆ. ತಪ್ಪೇ ತಂತ್ರವಾಯಿತು!

ಸುತ್ತಿಗೆ, ಅರಗು, ಉಳಿ

ನಯಗೊಳಿಸುವ ಸುತ್ತಿಗೆಯ ಮುಖದಲ್ಲಿ ನಿಮ್ಮ ಮುಖ ಕಾಣಬೇಕು! ಸುತ್ತಿಗೆಯ ಮೇಲೊಂದು ಗೀರಿದ್ದರೆ ಬಡಿದಷ್ಟು ಸಲವೂ ಆ ಗೀರು ಒಡವೆಗೆ ಇಳಿಯುತ್ತದೆ. ಅದಕ್ಕೇ ಒಡವೆಗೂ ಮೊದಲು ಸುತ್ತಿಗೆಗೆ ಪಾಲಿಶ್!

ತಗಡಿನಲ್ಲಿ ಹೂವು, ಬಳ್ಳಿ ಉಬ್ಬಿಸುವಾಗ ಅಡಿಗೆ ಏನಿಡುತ್ತಾರೆ? ಅರಗು! ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬಡಿದ ಕಡೆ ಮಾತ್ರ ತಗ್ಗುತ್ತದೆ. ಹಿಂದಿನಿಂದ ಉಬ್ಬಿಸಿ, ತಿರುಗಿಸಿ, ಮುಂದಿನಿಂದ ಗೆರೆ ತೀಡುತ್ತಾರೆ.

ಹೀಗೆ ತಗಡು ಬಡಿದು ಉಬ್ಬಿಸುವ ಕೆಲಸದ ದೈತ್ಯ ನಮೂನೆ ನ್ಯೂಯಾರ್ಕಿನಲ್ಲಿ ನಿಂತಿದೆ. ಅದೇ ಸ್ವಾತಂತ್ರ್ಯ ದೇವಿಯ ಪ್ರತಿಮೆ! 46 ಮೀಟರ್ ಎತ್ತರದ ಆಕೆಯ ತಾಮ್ರದ ಮೈ ದಪ್ಪ ಬರೀ 2.4 ಮಿಲಿಮೀಟರ್. 1886ರಲ್ಲಿ ಅನಾವರಣವಾದಾಗ ಆಕೆ ಕೆಂಪುಕಂದು, ಹಸಿರಾದದ್ದು ಆಮೇಲೆ!

ನಮ್ಮ ರಾಜರ ತಾಮ್ರಶಾಸನ ನೋಡಿದ್ದೀರಾ? ಹಲಗೆಗಳಿಗೆ ತೂತು ಕೊರೆದು ಉಂಗುರ ಪೋಣಿಸಿ, ಉಂಗುರದ ಬೆಸುಗೆಯ ಮೇಲೇ ರಾಜಮುದ್ರೆ! ಬಾದಾಮಿ ಚಾಲುಕ್ಯರದಾದರೆ ವರಾಹ, ತಲಕಾಡಿನ ಗಂಗರದಾದರೆ ಆನೆ. ಅಕ್ಷರ ಸವೆಯದಿರಲೆಂದು ಎಷ್ಟೋ ಹಲಗೆಗಳ ಅಂಚನ್ನು ಬಡಿದು ಎತ್ತರಿಸಿದ್ದಾರೆ. ಅದೇ ಉಳಿ, ಅದೇ ಸುತ್ತಿಗೆ!

ಬೀದರಿನ ಬಿದ್ರಿಯಲ್ಲೂ ತಾಮ್ರ ಅಡಗಿದೆ! ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಕೆತ್ತುವ ಮೊದಲು ಮೈಲುತುತ್ತದ ನೀರು ಸವರಿ ಮೈ ಕಪ್ಪಾಗಿಸುತ್ತಾರೆ, ಗೆರೆ ಕಾಣಲಿ ಅಂತ. ಮೈಲುತುತ್ತ ಅಂದರೇನು? ತಾಮ್ರದ ಉಪ್ಪೇ! ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದರೆ ಲೋಹ ಶಾಶ್ವತವಾಗಿ ಕರಿದು, ಬೆಳ್ಳಿ ಮಾತ್ರ ಬಿಳಿ. ಈಗ ಬಿದ್ರಿಯ ಓಲೆ, ಪದಕಗಳೂ ಸಿಗುತ್ತವೆ.

ಬಣ್ಣದ ಡಬ್ಬಿ ಬೇಕಿಲ್ಲ

ಉಜ್ಜಿ ಬೆಳಗಿದ ತಾಮ್ರಕ್ಕೆ ಹದವಾಗಿ ಬೆಂಕಿ ತೋರಿಸಿ. ಕಿತ್ತಳೆ, ಗುಲಾಬಿ, ನೇರಳೆ, ನೀಲಿ ಒಂದೊಂದಾಗಿ ಏಳುತ್ತವೆ! ಬಣ್ಣ ಹಚ್ಚಿದವರು ಯಾರೂ ಇಲ್ಲ. ಮೇಲೆ ಕೂತ ಅತಿ ತೆಳು ಪದರದಲ್ಲಿ ಬೆಳಕು ಆಡುವ ಆಟ ಅಷ್ಟೆ.

ಕಪ್ಪು ಬೇಕೇ? ಬೇಯಿಸಿದ ಮೊಟ್ಟೆ ತನ್ನಿ! ಬಿಸಿಬಿಸಿ ಮೊಟ್ಟೆ ಹಿಸುಕಿ ಒಡವೆಯ ಪಕ್ಕ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿಯಿರಿ. ಮೊಟ್ಟೆಯ ಗಂಧಕದ ವಾಸನೆಗೇ ತಾಮ್ರ ಕಂದು, ಆಮೇಲೆ ಕಪ್ಪು!

ಜಪಾನಿನ 'ಶಾಕುಡೊ' ಇನ್ನೂ ವಿಚಿತ್ರ. ತಾಮ್ರ ಕಪ್ಪಾಗಲೆಂದು ಚಿನ್ನ ಬೆರೆಸುತ್ತಾರೆ! ನೂರಕ್ಕೆ ಸುಮಾರು 4 ಪಾಲು ಚಿನ್ನ ಸೇರಿಸಿ ಔಷಧದ ನೀರಲ್ಲಿ ಕುದಿಸಿದರೆ ನೀಲಿ ಮಿಶ್ರಿತ ಕಪ್ಪು. ಕುದಿಸುವ ಮೊದಲು ಏನು ಸವರುತ್ತಾರೆ? ತುರಿದ ಮೂಲಂಗಿ! 1876ರಲ್ಲಿ ಕತ್ತಿ ಧರಿಸುವುದಕ್ಕೆ ನಿಷೇಧ ಬಂದಾಗ ಈ ಲೋಹದಿಂದ ಕತ್ತಿಯ ಹಿಡಿ ಸಿಂಗರಿಸುತ್ತಿದ್ದ ಎಷ್ಟೋ ಕುಶಲಿಗರು ಒಡವೆ, ಅಲಂಕಾರದ ಸಾಮಾನುಗಳತ್ತ ತಿರುಗಿದರು.

ಉಗುರುಬಣ್ಣದಿಂದಲೂ ತಾಮ್ರ ಕೆತ್ತಬಹುದು! ತಗಡಿನ ಮೇಲೆ ಉಗುರುಬಣ್ಣದಲ್ಲಿ ಚಿತ್ರ ಬರೆದು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಬೋರಲು ತೇಲಿಬಿಡುತ್ತಾರೆ. ಬಣ್ಣವಿಲ್ಲದ ಜಾಗ ಕರಗಿ ತಳಕ್ಕೆ ಬೀಳುತ್ತದೆ, ಚಿತ್ರ ಉಬ್ಬಿ ನಿಲ್ಲುತ್ತದೆ. ರೇಡಿಯೋ ಸರ್ಕ್ಯೂಟ್ ಬೋರ್ಡು ಮಾಡುವುದೂ ಇದೇ ದ್ರಾವಣದಲ್ಲಿ!

ಗಾಜಿನ ಪುಡಿ ಉದುರಿಸಿ ಸುಮಾರು 800 ಡಿಗ್ರಿಯಲ್ಲಿ ಕಾಸಿದರೆ ತಾಮ್ರದ ಮೇಲೆ ಬಣ್ಣದ ಗಾಜು ಕೂರುತ್ತದೆ. ಆದರೆ ಯಾರಿಗೂ ಕಾಣದ ಹಿಂಬದಿಗೂ ಗಾಜು ಹಾಕುತ್ತಾರೆ, ಯಾಕೆ? ಆರುವಾಗ ತಾಮ್ರ ಹೆಚ್ಚು ಕುಗ್ಗುತ್ತದೆ, ಗಾಜು ಕಡಿಮೆ. ಎರಡೂ ಕಡೆ ಸಮ ಇಲ್ಲದಿದ್ದರೆ ಗಾಜು ಚಟಪಟ ಸಿಡಿಯುತ್ತದೆ!

ಬೆರಳು ಹಸಿರಾದರೆ?

ತಾಮ್ರದ ಉಂಗುರ ತೊಟ್ಟ ಬೆರಳು ಹಸಿರಾಗುವುದು ನಕಲಿ ಮಾಲಿನ ಗುರುತಲ್ಲ. ಬೆವರು ತಾಮ್ರವನ್ನು ಮುಟ್ಟಿ ಹಸಿರು ಲವಣವಾಗುತ್ತದೆ ಅಷ್ಟೆ. ಸೋಪು ಹಾಕಿ ತೊಳೆದರೆ ಹೋಯಿತು! ಒಳಬದಿಗೆ ಬಣ್ಣವಿಲ್ಲದ ಉಗುರುಪಾಲಿಶ್ ಹಚ್ಚಿದರೆ ಕೆಲಕಾಲ ಹಸಿರಿನ ಕಾಟವೇ ಇಲ್ಲ.

ತಾಮ್ರದ ಕಡಗ ಸಂಧಿವಾತ ಓಡಿಸುತ್ತದೆಯೇ? ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು ರುಮಟಾಯ್ಡ್ ಸಂಧಿವಾತದ 70 ಮಂದಿಗೆ ತೊಡಿಸಿ ನೋಡಿ 2013ರಲ್ಲಿ ಫಲಿತಾಂಶ ಹೇಳಿದರು. ನೋವಿಗೂ ಊತಕ್ಕೂ ಹೇಳಿಕೊಳ್ಳುವಂಥ ಗುಣವೇ ಕಾಣಲಿಲ್ಲ! ಅಂದಕ್ಕೆ ಧಾರಾಳವಾಗಿ ಹಾಕಿಕೊಳ್ಳಿ, ಮಂಡಿನೋವಿಗೆ ಡಾಕ್ಟರನ್ನೇ ಕಾಣಿ.

ಕೈ ತುರಿಸುತ್ತಿದೆಯೇ, ಈಗಲೇ ಒಂದು ಓಲೆ ಮಾಡೋಣ ಅಂತ? ಮಾಡಿ, ಆದರೆ ಎರಡು ಮಾತು ನೆನಪಿರಲಿ. ಸುಟ್ಟ ಮೋಟಾರಿನ ತಂತಿಯ ಮೇಲೆ ವಾರ್ನಿಶ್ ಪದರ ಇರುತ್ತದೆ, ಬೆಂಕಿಗೆ ಹಿಡಿದರೆ ಕೆಟ್ಟ ಹೊಗೆ. ಅದನ್ನು ಕಾಸಬೇಡಿ. ಬೆಂಕಿ, ಹುಳಿನೀರಿನ ಕೆಲಸಕ್ಕೆ ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕ ಇರಲಿ. ಮೊದಲ ಓಲೆಗೆ ಬೆಂಕಿಯೂ ಬೇಡ. ಒಂದು ಗೇಣು ತಂತಿ ತಂದು ಇಕ್ಕಳದಲ್ಲಿ ಸುರುಳಿ ಸುತ್ತಿ, ಕಲ್ಲಿನ ಮೇಲಿಟ್ಟು ನಾಲ್ಕೇಟು ಹಾಕಿ. ಅಷ್ಟಕ್ಕೇ ಅದು ಗಡಸಾಗಿ ಆಕಾರ ಹಿಡಿದು ನಿಲ್ಲುತ್ತದೆ. ಈ ಭಾನುವಾರವೇ ಶುರುಮಾಡಿ!